ನಾಯಿಗೆ ಗಂಟು ಕಂಡ್ರ ತಡ ಮಾಡಬ್ಯಾಡ್ರಿ

ಗೋಕಾಕ, ಮೂಡಲಗಿ, ಹುಕ್ಕೇರಿ ಮಂದಿ, ಹೊಲ ಕಾಯೋ ನಾಯಿ ಮೈಮ್ಯಾಲ ಗಂಟು ಕಂಡ್ರ ಅರಿಶಿಣ ಹಚ್ಚಿ ಸುಮ್ಮನಾಗಬ್ಯಾಡ್ರಿ. ಹೆಣ್ಣುನಾಯಿ ಮೊಲಿಯೊಳಗಿನ ಗಂಟು ಕ್ಯಾನ್ಸರ್ ಇರಬಹುದು. ಮೊದಲ ಬೆದೆಗಿಂತ ಮುಂಚೆನ ಸಂತಾನಹರಣ ಆಪರೇಷನ್ ಮಾಡಿಸಿದ್ರ ಆ ಅಪಾಯ ಭಾಳ ಕಡಿಮಿ.

ಜನನಾಂಗದಿಂದ ರಕ್ತ ಸೋರಾಕತ್ತೈತಿ? ಕೂಡುವಾಗ ಹರಡೋ ಗಡ್ಡಿ ಇರಬಹುದು. ವಿಚಿತ್ರ ನೋಡ್ರಿ, ಇಲ್ಲಿ ಕ್ಯಾನ್ಸರ್ ಕೋಶಗಳೇ ಒಂದು ನಾಯಿಯಿಂದ ಇನ್ನೊಂದಕ್ಕ ಅಂಟ್ತಾವ! ಆದ್ರೂ ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಡಿಸಿದ್ರ ಹೆಚ್ಚಿನ ನಾಯಿ ಪೂರಾ ಗುಣ ಆಗ್ತಾವ.

ಎಲ್ಲಾ ಕ್ಯಾನ್ಸರ್ ಹಂಗ ಗುಣ ಆಗಂಗಿಲ್ಲ. ನೋವಿಗಂತ ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬ್ಯಾಡ್ರಿ, ನಾಯಿಗೆ ವಿಷ ಆಗ್ತಾವ. ಉಣ್ಣೋದು ಬಿಟ್ಟು, ಏಳಾಕೂ ಆಗದ ನರಳಾಕತ್ತಿದ್ರ ಡಾಕ್ಟರ್ ಹತ್ರ ದಯಾಮರಣದ ಮಾತು ಎತ್ತೋದು ಪಾಪ ಅಲ್ಲ. ಮೊದಲು ಅರಿವಳಿಕೆ, ಆಮ್ಯಾಲ ಕೊನೀ ಇಂಜೆಕ್ಷನ್. ಆಗ ಹೊರಗ ಹೋಗಿ ನಿಲ್ಲಬ್ಯಾಡ್ರಿ; ಹೆಸರು ಹಿಡಿದು ಕರೀತಾ ಬಾಜೂಕ ಕೂಡ್ರಿ.