ಹೇಳಿಕೊಟ್ಟ ಮಾತು

‘ಮಗನಿಗೆ ಆರು ವರ್ಷ. ಕೋರ್ಟು ಗೊತ್ತು ಮಾಡಿದ ಭಾನುವಾರ ನೋಡಲು ಹೋದರೆ, ನೀನು ನನ್ನ ಮೆಟ್ಟಿಲಿಂದ ತಳ್ಳಿದ್ದೆ ಅಂತಾನೆ. ಯಾವಾಗ ತಳ್ಳಿದೆ ಅಂತ ಕೇಳಿದಾಗೆಲ್ಲ ಇನ್ನೆರಡು ಮೆಟ್ಟಿಲು ಜಾಸ್ತಿಯಾಗುತ್ತವೆ. ಅವನ ತಾಯಿ ತಲೆ ತುಂಬಿದ್ದಾಳೆಂದು ವಿಜ್ಞಾನದಿಂದ ಸಾಬೀತು ಮಾಡಬಹುದೇ?’ ಓದುಗರೊಬ್ಬರ ಪ್ರಶ್ನೆ.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಎನ್ನುತ್ತೇವೆ. ಬುತ್ತಿಯೇನೋ ಹಳಸುತ್ತದೆ, ಮಾತು ಹಳಸಬೇಕೆಂದಿಲ್ಲ. 1995ರಲ್ಲಿ ಅಮೆರಿಕದ ಮಿಷೆಲ್ ಲೈಕ್ಟ್‌ಮನ್ ಮತ್ತು ಸ್ಟೀಫನ್ ಸೀಸಿ ಪ್ರಕಟಿಸಿದ ಪ್ರಯೋಗ ನನಗೆ ಬಲು ಇಷ್ಟ. ಶಿಶುವಿಹಾರದ ಮಕ್ಕಳಿಗೆ ಒಂದು ತಿಂಗಳು, ವಾರ ವಾರ, ಸ್ಯಾಮ್ ಸ್ಟೋನ್ ಎಂಬವನ ಕಥೆ ಹೇಳಿದರು. ಮಹಾ ಎಡವಟ್ಟು, ಮುಟ್ಟಿದ್ದೆಲ್ಲ ಮುರಿಯುತ್ತಾನೆ ಅಂತ. ಒಂದು ದಿನ ಆ ಸ್ಯಾಮ್ ಬಂದ, ಎರಡು ನಿಮಿಷ ಇದ್ದ, ಹೋದ. ಏನನ್ನೂ ಕೆಡಿಸಲಿಲ್ಲ. ಮರುದಿನ ಮಕ್ಕಳಿಗೆ ಒಂದು ಹರಿದ ಪುಸ್ತಕ, ಕೊಳೆಯಾದ ಟೆಡ್ಡಿ ತೋರಿಸಿದರು. ಆಮೇಲೆ ಹತ್ತು ವಾರದಲ್ಲಿ ನಾಲ್ಕು ಸಲ ಕೂರಿಸಿಕೊಂಡು ವಿಚಾರಣೆ: ಸ್ಯಾಮ್ ಪುಸ್ತಕ ಹರಿದದ್ದು ಸಿಟ್ಟಿನಿಂದಲೋ, ಕೈತಪ್ಪಿಯೋ? ಕೊನೆಗೆ ಹೊಸಬರೊಬ್ಬರು ಬಂದು ಕೆದಕಿ ಕೇಳಿದಾಗ, ಮೂರು-ನಾಲ್ಕು ವರ್ಷದವರಲ್ಲಿ ಶೇ. 72ರಷ್ಟು ಮಕ್ಕಳು ಸ್ಯಾಮ್ ತಲೆಗೆ ತಪ್ಪು ಕಟ್ಟಿದರು. ಕಣ್ಣಾರೆ ಕಂಡೆ ಎಂದವರೂ ಇದ್ದರು. ಆ ವಿಚಾರಣೆಯ ವಿಡಿಯೊಗಳನ್ನು ತಜ್ಞರಿಗೆ ತೋರಿಸಿದರೆ, ಯಾವ ಮಗುವಿನದು ನಿಜ ಎಂದು ಗುರುತಿಸಲು ಅವರಿಂದಲೂ ಆಗಲಿಲ್ಲ.

ಚೇಂಬರಿನಲ್ಲಿ ಮಗುವನ್ನು ಮಾತಾಡಿಸುವ ನ್ಯಾಯಾಧೀಶರ ಪಾಡು ಊಹಿಸಿ.

ತಂದೆ ತಾಯಿಯರಲ್ಲಿ ಒಬ್ಬರು ತಲೆ ತುಂಬಿ ಮಗು ಇನ್ನೊಬ್ಬರನ್ನು ದೂರ ಮಾಡುವುದಕ್ಕೆ 1985ರಲ್ಲಿ ಮನೋವೈದ್ಯ ರಿಚರ್ಡ್ ಗಾರ್ಡ್ನರ್ ‘ಪೇರೆಂಟಲ್ ಏಲಿಯನೇಷನ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವಕೀಲರಿಗೆ ಹಬ್ಬ. ನನಗಂತೂ ಇದು ಜ್ವರ ಕಂಡ ಕೂಡಲೇ ಡೆಂಗಿ ಎಂದಂತೆ ಕಾಣುತ್ತದೆ. ನಿಜವಾಗಿ ಪೆಟ್ಟು ತಿಂದ ಮಗುವೂ, ಅಮ್ಮ ಪೆಟ್ಟು ತಿನ್ನುವುದನ್ನು ನೋಡಿದ ಮಗುವೂ ಅಪ್ಪ ಬೇಡ ಎನ್ನುತ್ತದಲ್ಲ! ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ಈ ಸಿಂಡ್ರೋಮನ್ನು ಸೇರಿಸಿಕೊಳ್ಳಲಿಲ್ಲ. ನಮ್ಮ ಸುಪ್ರೀಂ ಕೋರ್ಟು 2017ರ ವಿವೇಕ್ ಸಿಂಗ್ ಪ್ರಕರಣದಲ್ಲಿ ಅದರ ಹೆಸರೆತ್ತಿತ್ತು. 2024ರಲ್ಲಿ ಬೇರೊಂದು ಪ್ರಕರಣದಲ್ಲಿ ಎಚ್ಚರಿಸಿತು: ಇಂಥಿಂಥ ನಡವಳಿಕೆ ಎಂದು ಬಿಡಿಬಿಡಿಯಾಗಿ ಗುರುತಿಸದೆ ತಂದೆಗಾಗಲಿ ತಾಯಿಗಾಗಲಿ ಆ ಪಟ್ಟ ಕಟ್ಟಬೇಡಿ.

ಹಾಗಾಗಿ ಸಿಂಡ್ರೋಮ್ ಬಿಡಿ, ಡೈರಿ ಇಡಿ. ಯಾವ ಭಾನುವಾರ ಮಗು ಬರಲಿಲ್ಲ, ಏನು ಕಾರಣ ಕೊಟ್ಟರು, ಎಷ್ಟು ಫೋನು ಎತ್ತಲಿಲ್ಲ. ಮೆಟ್ಟಿಲಿನ ಮಾತನ್ನು ಮಗುವಿಗೆ ಮೊದಲು ಕೇಳಿದ್ದು ಯಾರು, ಯಾವ ಶಬ್ದಗಳಲ್ಲಿ, ಎಷ್ಟು ಸಲ ಎಂಬುದನ್ನು ವಕೀಲರ ಮೂಲಕ ಕೋರ್ಟಿನ ಆಪ್ತಸಮಾಲೋಚಕರ ಮುಂದಿಡಿ. ನೀವೇ ಎಷ್ಟು ಭಾನುವಾರ ಕೇಳಿದ್ದೀರಿ ಎಂಬುದನ್ನೂ ಅದರಲ್ಲಿ ಬರೆಯಿರಿ. ಆ ಹೆಚ್ಚುವರಿ ಮೆಟ್ಟಿಲುಗಳಲ್ಲಿ ಕೆಲವನ್ನು ಕಟ್ಟಿದ್ದು ನಿಮ್ಮ ಪ್ರಶ್ನೆಯೇ ಇರಬಹುದು.