ಹೆಸರು ಹಾಜರಿ ಪುಸ್ತಕದಲ್ಲಿ, ಹುಡುಗ ಬೆಂಗಳೂರು ಬಸ್ಸಿನಲ್ಲಿ!

ಸುಗ್ಗಿ ಮುಗಿಯಿತೆಂದರೆ ರಾಯಚೂರು, ಯಾದಗಿರಿ ಕಡೆಯ ಬಸ್‌ಸ್ಟ್ಯಾಂಡುಗಳಲ್ಲಿ ಸಂಜೆ ಹೊತ್ತು ಈ ನೋಟ ಹೊಸದೇನಲ್ಲ. ಪಾತ್ರೆ ತುಂಬಿದ ಚೀಲ, ಜೋಳದ ಹಿಟ್ಟಿನ ಗಂಟು, ಕೌದಿ, ಅದರ ಮೇಲೆ ಕೂತ ಹುಡುಗ. ಅಪ್ಪ-ಅವ್ವ ಬೆಂಗಳೂರಿಗೆ ಗುಳೆ ಹೊರಟಿದ್ದಾರೆ, ಕಟ್ಟಡದ ಕೆಲಸಕ್ಕೆ. ಬಸ್ಸು ಹೊರಡುವುದೂ ಹುಡುಗನ ಶಾಲೆ ನಿಲ್ಲುವುದೂ ಒಟ್ಟಿಗೇ. ಸೀಟು ಹಿಡಿಯುವ ಗಡಿಬಿಡಿಯಲ್ಲಿ ಉಳಿದ ಪ್ರಯಾಣಿಕರಿಗೆ ಅದೆಲ್ಲಿ ಕಾಣಬೇಕು?

‘ಮಕ್ಕಳನ್ನ ಯಾರ ಕೈಯಾಗ ಬಿಟ್ಟು ಹೋಗೂದ್ರೀ?’ ಅಂತ ತಾಯಂದಿರು ಕೇಳಿದರೆ ಜವಾಬು ಹೇಳುವುದು ಕಷ್ಟ.

ಹಾಗಾದರೆ ಉಚಿತ, ಕಡ್ಡಾಯ ಶಿಕ್ಷಣ ಎಲ್ಲಿ ಹೋಯಿತು ಸ್ವಾಮಿ? 14 ವರ್ಷದ ತನಕ ಎಲ್ಲ ಮಕ್ಕಳಿಗೂ ಅದನ್ನು ಕೊಡಲು ಹತ್ತು ವರ್ಷದೊಳಗೆ ಪ್ರಯತ್ನಿಸಬೇಕು ಅಂತ ಸಂವಿಧಾನದಲ್ಲೇ ಬರೆದಿತ್ತು. ಆ ಗಡುವು 1960ಕ್ಕೇ ತೀರಿತು. ಅದು ಮೂಲಭೂತ ಹಕ್ಕು ಅನ್ನಿಸಿಕೊಳ್ಳಲು 2002ರ 86ನೇ ತಿದ್ದುಪಡಿ ಬೇಕಾಯಿತು. ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಸರ್ಕಾರಿ ಬಸ್ಸೂ ಇಷ್ಟು ಲೇಟಾಗುವುದಿಲ್ಲ!

‘ಕಡ್ಡಾಯ’ ಅಂದಕೂಡಲೇ ಮಗುವನ್ನು ಕಳಿಸದ ಅಪ್ಪನಿಗೆ ದಂಡ ಅಂತ ಜನ ತಿಳಿಯುತ್ತಾರೆ. ತಪ್ಪು. ಈ ಕಾಯ್ದೆಯಲ್ಲಿ ತಂದೆ-ತಾಯಿಗೆ ಕರ್ತವ್ಯ ಉಂಟು, ದಂಡ ಇಲ್ಲ. 8ನೇ ಸೆಕ್ಷನ್ ಓದಿದರೆ ಕಡ್ಡಾಯ ಎಂಬ ಹೊರೆ ಇರುವುದು ಸರ್ಕಾರದ ತಲೆ ಮೇಲೆ. ಮಗುವನ್ನು ಸೇರಿಸುವುದು, ದಿನಾ ಬರುವಂತೆ ನೋಡಿಕೊಳ್ಳುವುದು, ಎಂಟನೇ ಕ್ಲಾಸು ಮುಗಿಸುವುದು ಎಲ್ಲವೂ ಅದರ ಜವಾಬ್ದಾರಿ. ಗುಳೆ ಬಂದವರ ಮಕ್ಕಳನ್ನು ಶಾಲೆಗೆ ಸೇರಿಸುವ ಕೆಲಸ ಬಂದ ಊರಿನ ಸ್ಥಳೀಯ ಸಂಸ್ಥೆಯದ್ದು. ಟಿ.ಸಿ. ತಡವಾಯಿತು, ವಯಸ್ಸಿನ ದಾಖಲೆ ಇಲ್ಲ, ವರ್ಷದ ನಡುವೆ ಬಂದ ಅಂತ ನೆಪ ಹೇಳಿ ಅಲ್ಲಿನ ಸರ್ಕಾರಿ ಶಾಲೆ ಹುಡುಗನನ್ನು ವಾಪಸು ಕಳಿಸುವಂತಿಲ್ಲ.

ಕಾಗದದ ಮೇಲೆ ಎಲ್ಲಾ ಚೆಂದ. ಆದರೆ ಶೆಡ್ಡಿನಲ್ಲಿರುವ ಅಪ್ಪ ಶಾಲೆ ಹುಡುಕಲು ಹೋದರೆ ಆ ದಿನದ ಕೂಲಿ ಹೋಯಿತು. ಹುಡುಗ ಶಾಲೆಗೆ ಹೋದರೆ ಕೂಸನ್ನು ನೋಡುವವರಿಲ್ಲ. ಸ್ಥಳೀಯ ಸಂಸ್ಥೆಯವರು ತಾವಾಗಿ ಶೆಡ್ಡಿಗೆ ಹೋಗಿ ಹೆಸರು ಬರೆದುಕೊಂಡರೆ ಮಾತ್ರ ಗಂಟು ಬಿಚ್ಚೀತು.

2013ರಲ್ಲಿ ಪತ್ರಿಕಾ ವರದಿಯೊಂದನ್ನು ಕಂಡು ರಾಜ್ಯ ಹೈಕೋರ್ಟು ಶಾಲೆ ಬಿಟ್ಟ ಮಕ್ಕಳ ವಿಚಾರವನ್ನು ತಾನಾಗಿ ಕೈಗೆತ್ತಿಕೊಂಡಿತು. ಆಮೇಲೆ ಏಳು ದಿನ ಸತತ ಬಾರದ ಮಗುವನ್ನು ಹುಡುಕಿಕೊಂಡು ಹೋಗಬೇಕೆಂಬ ನಿಯಮ ಬಂತು. ಇಲ್ಲೇ ಮೇಷ್ಟರ ಪೇಚಾಟ ಇರುವುದು. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆಗೂ ಕುತ್ತು. ಹೆಸರು ಹೊಡೆದುಹಾಕಲು ಯಾವ ಮೇಷ್ಟರ ಕೈ ಮುಂದೆ ಬಂದೀತು?

ಇನ್ನು ಅಜ್ಜಿ ಹತ್ತಿರ ಉಳಿದ ಹುಡುಗ ಹೋಟೆಲಿನಲ್ಲಿ ಲೋಟ ತೊಳೆಯಲು ಹೋಗುವುದುಂಟು. ಅಂಗಡಿ ಸಾಹುಕಾರರು ಗಮನಿಸಬೇಕು. 2016ರ ತಿದ್ದುಪಡಿಯ ಪ್ರಕಾರ 14 ತುಂಬದವರನ್ನು ದುಡಿಸಿದರೆ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ ಎರಡೂ. ‘ಪಾಪ, ಊಟ ಸಿಗಲಿ ಅಂತ ಇಟ್ಟುಕೊಂಡೆ’ ಅನ್ನುವುದು ಜವಾಬಲ್ಲ. ಊಟ ಶಾಲೆಯಲ್ಲೇ ಮಧ್ಯಾಹ್ನ ಬಿಸಿಬಿಸಿ ಸಿಗುತ್ತದೆ.

ಗುಳೆ ಹೊರಡುವವರು ಮೊದಲು ಹೆಡ್‌ಮಾಸ್ತರರ ಹತ್ತಿರ ಟಿ.ಸಿ. ಕೇಳಲಿ. ಅವರು ತಕ್ಷಣ ಕೊಡಬೇಕು. ಸತಾಯಿಸಿದರೆ ಅವರ ಮೇಲೆಯೇ ಶಿಸ್ತುಕ್ರಮ ಅಂತ ಅದೇ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಹಿಟ್ಟಿನ ಗಂಟಿನ ಜೊತೆ ಆ ಕಾಗದವೂ ಬಸ್ಸು ಹತ್ತಲಿ.