ಗಾಲಿಯ ವ್ಯಾಸ, ಹಳಿಯ ಸುತ್ತಳತೆ: ಕಸುಬಿನೊಳಗಣ ಅಳತೆಯ ವಿವೇಕ

ಜನಪದ ಸಮುದಾಯಗಳ ಅಳತೆಯ ಜ್ಞಾನವು ಲೆಕ್ಕದ ಹೊತ್ತಗೆಗಿಂತ ಹೆಚ್ಚಾಗಿ ಕಸುಬಿನಲ್ಲಿ ನೆಲೆಗೊಂಡಿದೆ. ವೃತ್ತದ ವ್ಯಾಸವನ್ನು ಅಳೆದು ಬಳಸುವ ಕ್ರಮಕ್ಕೆ ಎತ್ತಿನ ಗಾಡಿಯ ಮರದ ಗಾಲಿ ಉತ್ತಮ ನಿದರ್ಶನವಾಗಿದೆ. ಗಾಲಿಯ ಮರಗೆಲಸ ಬಡಗಿಯದು. ಅದಕ್ಕೆ ಕಬ್ಬಿಣದ ಹಳಿ ತೊಡಿಸುವ ಕೆಲಸ ಕಮ್ಮಾರನದು. ವೃತ್ತವೊಂದೇ ಆದರೂ ಇವರಿಬ್ಬರ ಅಳತೆಯ ಕ್ರಮಗಳು ಭಿನ್ನವಾಗಿವೆ.

ಬಡಗಿಗೆ ವ್ಯಾಸವೇ ಆಧಾರ. ಹನ್ನೆರಡು ಅರಗಳ ಗಾಲಿಯಲ್ಲಿ ಹೊರಸುತ್ತಿಗೆ ಆರು ಮರದ ತುಂಡುಗಳಿದ್ದು, ಒಂದೊಂದಕ್ಕೂ ಎರಡು ಅರಗಳು ಕೂಡುತ್ತವೆ. ಕೈವಾರದಿಂದ ವೃತ್ತವನ್ನೆಳೆದು, ಅದರ ಕಾಲುಗಳ ಅಂತರವನ್ನು ಕದಲಿಸದೆ ಪರಿಧಿಯ ಮೇಲೆ ನಡೆಸಿದರೆ ಸರಿಯಾಗಿ ಆರು ಹೆಜ್ಜೆಗೆ ಸುತ್ತು ಮುಗಿಯುತ್ತದೆ. ಆರು ಸಮಭಾಗಗಳಿಗೆ ಬೇರೆ ಗಣನೆಯೇ ಬೇಕಿಲ್ಲ. ಆದರೆ ಈ ಆರು ಹೆಜ್ಜೆಗಳ ಒಟ್ಟು ಉದ್ದ ವ್ಯಾಸದ ಮೂರು ಪಟ್ಟು ಮಾತ್ರ. ಅದು ಹೆದೆಯ ಅಳತೆಯೇ ಹೊರತು ಬಿಲ್ಲಿನ ಅಳತೆಯಲ್ಲ.

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ವ್ಯಾಸದ ಮೂರು ಪಟ್ಟನ್ನು ವ್ಯಾವಹಾರಿಕ ಪರಿಧಿಯೆಂದೂ, ವ್ಯಾಸವನ್ನು ಹತ್ತರ ವರ್ಗಮೂಲದಿಂದ ಗುಣಿಸಿದುದನ್ನು ಸೂಕ್ಷ್ಮ ಪರಿಧಿಯೆಂದೂ ಹೇಳುತ್ತಾನೆ. ಭಾಸ್ಕರಾಚಾರ್ಯನ ‘ಲೀಲಾವತಿ’ (1150) 22/7ನ್ನು ವ್ಯವಹಾರಕ್ಕೆ ಒಪ್ಪಿ, 3927/1250ನ್ನು ಸೂಕ್ಷ್ಮವೆಂದು ಪರಿಗಣಿಸುತ್ತದೆ. 60 ಇಂಚು ವ್ಯಾಸದ ಗಾಲಿಗೆ ಈ ಸೂತ್ರಗಳನ್ನು ಅನ್ವಯಿಸಿದರೆ ಸುತ್ತಳತೆಯು ಅನುಕ್ರಮವಾಗಿ 180, 189.7, 188.6 ಹಾಗೂ 188.5 ಇಂಚುಗಳಾಗುತ್ತದೆ.

ಕಮ್ಮಾರನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಹಳಿಯನ್ನು ಮರದ ಸುತ್ತಿಗಿಂತ ತುಸು ಕಿರಿದಾಗಿ ಬೆಸೆದು, ಕಾಯಿಸಿ ಹಿಗ್ಗಿಸಿ, ಗಾಲಿಗೆ ತೊಡಿಸಿದೊಡನೆ ನೀರೆರೆಯಲಾಗುತ್ತದೆ. ತಣಿದು ಕುಗ್ಗುವ ಹಳಿಯು ಕೀಲುಗಳನ್ನೆಲ್ಲ ಬಿಗಿಗೊಳಿಸುತ್ತದೆ. ಕಬ್ಬಿಣದ ತಾಪ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೂ ಈ ಗಾತ್ರದ ಹಳಿಯ ಸುತ್ತಳತೆ ಒಂದು ಇಂಚಿಗಿಂತ ತುಸು ಹೆಚ್ಚು ಹಿಗ್ಗೀತು, ಅಷ್ಟೇ. ಮೂರು ಪಟ್ಟಿನ ಲೆಕ್ಕದಿಂದ ಮಾಡಿದ ಹಳಿ ಕಾದರೂ ಗಾಲಿಗೆ ಏರದು. ಹತ್ತರ ವರ್ಗಮೂಲದಿಂದ ಮಾಡಿದ್ದು ತಣಿದ ಮೇಲೂ ಸಡಿಲವಾಗಿಯೇ ಉಳಿಯುತ್ತದೆ. 22/7 ಸಾಕಷ್ಟು ನಿಖರವಾದರೂ, ಕೈಯಿಂದ ಕೆತ್ತಿದ ಗಾಲಿ ಎಲ್ಲೆಡೆ ಒಂದೇ ವ್ಯಾಸವನ್ನು ಹೊಂದಿರುತ್ತದೆ ಎನ್ನಲಾಗದು.

ಆದ್ದರಿಂದ ಮರದ ಸುತ್ತನ್ನು ಹುರಿಯಿಂದಲೋ ಅದರ ಮೇಲೆ ಉರುಳಿಸುವ ಚಿಕ್ಕ ಚಕ್ರದಿಂದಲೋ ನೇರವಾಗಿ ಅಳೆದು, ಆ ಅಳತೆಯನ್ನು ಕಬ್ಬಿಣದ ಪಟ್ಟಿಗೆ ಇಳಿಸುವ ಕ್ರಮ ಹೆಚ್ಚು ವಿಶ್ವಾಸಾರ್ಹವಾಗುತ್ತದೆ. ಇದನ್ನು ಗಣಿತದ ಅಜ್ಞಾನವೆಂದು ತಿಳಿಯುವುದು ಸರಿಯಲ್ಲ. ವ್ಯಾಸವನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬ ತಿಳಿವಳಿಕೆಯೇ ಇಲ್ಲಿ ಕೆಲಸ ಮಾಡಿದೆ.

ರಬ್ಬರ್ ಟೈರಿನ ಗಾಡಿಗಳು ಬಂದ ಮೇಲೆ ಹಳಿ ಕಟ್ಟುವ ಕುಲುಮೆಗಳು ವಿರಳವಾಗಿವೆ. ಕಸುಬಿನ ಹಾಡು, ಆಚರಣೆಗಳನ್ನು ಸಂಗ್ರಹಿಸುವಷ್ಟೇ ಆಸಕ್ತಿಯಿಂದ ಅದರ ಅಳತೆಗಳನ್ನೂ ದಾಖಲಿಸದಿದ್ದರೆ, ಉಪಕರಣಗಳು ವಸ್ತುಸಂಗ್ರಹಾಲಯದಲ್ಲಿ ಉಳಿದರೂ ಅವುಗಳನ್ನು ನಡೆಸಿದ ಅರಿವು ಉಳಿಯಲಾರದು.